ದುರ್ಗದ ಸೀಮೆಯಲ್ಲೊಂದು ಸೈಕಲ್ ಸುತ್ತು

ಚಿತ್ರದುರ್ಗ ಎಂದೊಡನೆ ಬಹುಮಂದಿಗೆ ನೆನಪಾಗುವುದು ಏಳು ಸುತ್ತಿನ ಕೋಟೆ, ಮದಕರಿನಾಯಕ ಮತ್ತು ಒನಕೆ ಓಬವ್ವ. ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಓಡುವ ಬಸ್ಸಿನ ಕಿಟಕಿಯಿಂದ ನೋಡುವವರಿಗಂತೂ ಅಷ್ಟೂ ಕಾಣುವುದಿಲ್ಲ. ಬೋಳು ಗುಡ್ಡಗಳು, ಅವುಗಳ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳು, ರಸ್ತೆಯ ಇಕ್ಕೆಲದಲ್ಲಿ ಬಳ್ಳಾರಿ ಜಾಲಿ. ‘ಬರದ ಸೀಮೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿ ಪ್ರಯಾಣಿಕರು ನಿದ್ದೆಗೆ ಜಾರುತ್ತಾರೆ.

ಇದೇ ಸೀಮೆಯನ್ನು ಸೈಕಲ್ ಏರಿ ಸುತ್ತಿದರೆ ಬೇರೆಯೇ ಕಥೆ ತೆರೆದುಕೊಳ್ಳುತ್ತದೆ. ಮಳೆ ಕಡಿಮೆಯಾದ ಈ ನೆಲದಲ್ಲಿ ಬಿದ್ದ ಹನಿಯನ್ನು ಹಿಡಿದಿಡಲು ಜನ ಎಷ್ಟು ಶತಮಾನಗಳಿಂದ ಹೆಣಗಿದ್ದಾರೆ ಎಂಬುದು ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ವೇಗದಲ್ಲಿ ಸಾಗುವವನಿಗೆ ಮಾತ್ರ ತಿಳಿಯುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕನ್ನೂ ಮುಟ್ಟಿ ಮತ್ತೆ ದುರ್ಗಕ್ಕೆ ಬರಲು ಸುಮಾರು ನೂರಅರವತ್ತು ಕಿಲೋಮೀಟರ್ ಆದೀತು. ಆತುರವಿಲ್ಲದವರಿಗೆ ಮೂರು ದಿನ ಸಾಕು.

ಹೊಂಡದಿಂದ ಹೊಂಡಕ್ಕೆ

ಸವಾರಿಗೆ ಮುಂಚಿನ ದಿನವನ್ನು ಕೋಟೆಗೇ ಮೀಸಲಿಡುವುದು ಒಳ್ಳೆಯದು. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ ಗುಡಿಗಳನ್ನೂ ಓಬವ್ವನ ಕಿಂಡಿಯನ್ನೂ ಎಲ್ಲರೂ ನೋಡುತ್ತಾರೆ. ಬಂಡೆಗಳ ನಡುವಿನ ಹೊಂಡಗಳ ಬಳಿ ನಿಲ್ಲುವವರು ಕಡಿಮೆ. ಮಳೆಗಾಲದಲ್ಲಿ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುವಂತೆ ನಾಯಕರ ಕಾಲದವರು ಏರ್ಪಾಟು ಮಾಡಿದ್ದರು. ಪಂಪಿಲ್ಲ, ಕೊಳವೆಯಿಲ್ಲ, ಇಳಿಜಾರೊಂದೇ ಆಧಾರ. 1779ರಲ್ಲಿ ಹೈದರಾಲಿಯ ವಶವಾಗುವವರೆಗೆ ಈ ಕೋಟೆ ಹಲವು ಮುತ್ತಿಗೆಗಳನ್ನು ತಾಳಿಕೊಂಡಿತ್ತೆಂದರೆ, ಅದರಲ್ಲಿ ಕಲ್ಲಿನ ಗೋಡೆಗಳಷ್ಟೇ ಪಾಲು ಈ ನೀರಿಗೂ ಉಂಟು.

ಕೋಟೆಯ ಹಿಂಬದಿಗೆ ಚಂದ್ರವಳ್ಳಿ. ಇಲ್ಲಿ ಡಾ. ಎಂ.ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ನೆಲ ಅಗೆಸಿ ನೋಡಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ಸಿಕ್ಕವು. ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕಾಲ ಕ್ರಿ.ಶ. ನಾಲ್ಕನೆಯ ಶತಮಾನ. ತಾನು ಗೆದ್ದ ರಾಜರ ಹೆಸರುಗಳನ್ನು ಪಟ್ಟಿ ಮಾಡಿರುವ ಆ ಅರಸ, ಅದೇ ಬಂಡೆಯ ಮೇಲೆ ಹೇಳಿಕೊಂಡಿರುವ ಇನ್ನೊಂದು ಸಾಧನೆ ಕೆರೆಯದು. ಆ ಕೆರೆಯ ನೀರು ಇಂದಿಗೂ ಗುಡ್ಡಗಳ ನೆರಳಿನಲ್ಲಿದೆ.

ಸಮುದ್ರವಿದ್ದ ಕಡೆ

ಮೊದಲ ದಿನದ ಸವಾರಿ ಹಿರಿಯೂರಿಗೆ, ಸುಮಾರು ನಲವತ್ತು ಕಿಲೋಮೀಟರ್. ಚಿತ್ರದುರ್ಗಕ್ಕಿಂತ ಹಿರಿಯೂರು ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿರುವುದರಿಂದ ಕಾಲಿಗೆ ಹೆಚ್ಚು ಕೆಲಸವಿಲ್ಲ. ಆದರೆ ಹೆದ್ದಾರಿಯ ಲಾರಿಗಳು ಸೈಕಲ್ಲನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅಲ್ಲಲ್ಲಿ ಸಿಗುವ ಸರ್ವಿಸ್ ರಸ್ತೆಯನ್ನೂ ಹಳ್ಳಿಯ ದಾರಿಗಳನ್ನೂ ಹಿಡಿದು ಹೋಗುವುದೇ ಕ್ಷೇಮ.

ದುರ್ಗದಿಂದ ಸುಮಾರು ಹದಿನಾರು ಕಿಲೋಮೀಟರ್ ದೂರದಲ್ಲಿ, ಐಮಂಗಲಕ್ಕೆ ಮುಂಚೆ, ಮರಡಿಹಳ್ಳಿ ಇದೆ. ಇಲ್ಲಿನ ಬಂಡೆಗಳು ಒಂದರ ಮೇಲೊಂದು ಪೇರಿಸಿಟ್ಟ ದಿಂಬುಗಳಂತೆ ಕಾಣುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಕಾದ ಶಿಲಾರಸ ನೀರಿನೊಳಗೆ ಉಕ್ಕಿದಾಗ ಅದರ ಹೊರಮೈ ತಟ್ಟನೆ ತಣಿದು ಗಟ್ಟಿಯಾಗುತ್ತದೆ. ಒಳಗಿನ ರಸ ಆ ಸಿಪ್ಪೆಯನ್ನು ಒಡೆದು ಪಕ್ಕಕ್ಕೆ ಉಬ್ಬಿ ಇನ್ನೊಂದು ದಿಂಬಾಗುತ್ತದೆ. ಇಂದಿಗೂ ಸಾಗರದ ತಳದಲ್ಲಿ ಇದು ನಡೆಯುತ್ತಲೇ ಇದೆ. ಮರಡಿಹಳ್ಳಿಯ ದಿಂಬುಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಎಂದರೆ, ಹನಿ ನೀರಿಗೆ ಬಾಯ್ಬಿಡುವ ಈ ನೆಲ ಒಂದು ಕಾಲಕ್ಕೆ ನೀರಿನಡಿಯಲ್ಲೇ ಇತ್ತು! ಈ ಮಾತನ್ನು ಪುಸ್ತಕದಲ್ಲಿ ಓದುವುದಕ್ಕೂ, ಬಿಸಿಲಲ್ಲಿ ಬಾಟಲಿಯ ಕೊನೆಯ ಗುಟುಕು ಕುಡಿದು ಆ ಬಂಡೆಯ ಮೇಲೆ ಕೈಯಿಟ್ಟು ತಿಳಿಯುವುದಕ್ಕೂ ವ್ಯತ್ಯಾಸವಿದೆ.

ಹಿರಿಯೂರಿನಲ್ಲಿ ವೇದಾವತಿಯ ದಂಡೆ, ತೇರುಮಲ್ಲೇಶ್ವರ ದೇವಾಲಯ, ಅದರ ಮುಖಮಂಟಪದ ಚಾವಣಿಯ ಚಿತ್ರಗಳು ಸಂಜೆಯ ಹೊತ್ತನ್ನು ತುಂಬುತ್ತವೆ. ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಊರಾದ್ದರಿಂದ ಊಟ, ವಸತಿಗೆ ತೊಂದರೆಯಿಲ್ಲ.

ಮಾರಿಕಣಿವೆಯ ಮೆಟ್ಟಿಲು

ಎರಡನೆಯ ದಿನ ಬೆಳಗ್ಗೆ ಬೇಗ ಹೊರಟರೆ ಇಪ್ಪತ್ತು ಕಿಲೋಮೀಟರಿನೊಳಗೆ ವಾಣಿವಿಲಾಸ ಸಾಗರ. ಹಳಬರ ಬಾಯಲ್ಲಿ ಈಗಲೂ ಅದು ಮಾರಿಕಣಿವೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಹರಿಯುತ್ತಿದ್ದ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ 1898ರಲ್ಲಿ ಕೆಲಸ ಆರಂಭಿಸಿ 1907ರಲ್ಲಿ ಮುಗಿಸಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಹೆಸರು ಅದಕ್ಕೆ ಬಂತು. ಕನ್ನಂಬಾಡಿಗಿಂತ ಹಿರಿಯ ಅಣೆಕಟ್ಟು ಇದು. ಜಲಾಶಯದ ಪೂರ್ಣ ಮಟ್ಟ 130 ಅಡಿ, ಸಾಮರ್ಥ್ಯ 30 ಟಿಎಂಸಿ ಅಡಿ.

ಕಟ್ಟಿದ್ದೇನೋ ಕಟ್ಟಿದರು, ತುಂಬಬೇಕಲ್ಲ! 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬೀಳಲು 2022ರವರೆಗೆ, 89 ವರ್ಷ ಕಾಯಬೇಕಾಯಿತು. ನಡುವಿನ ಬರಗಾಲಗಳಲ್ಲಿ ಜಲಾಶಯದ ತಳ ಕಂಡಾಗ ಕೆಳಗಿನ ತೆಂಗಿನ ತೋಟಗಳು ಒಣಗಿದವು. ಸುಳಿ ಉದುರಿದ ಬೋಳು ಮರಗಳ ಸಾಲುಗಳನ್ನು ನೋಡಿದವರು ಮರೆಯಲಾರರು. 2019ರಲ್ಲಿ ಭದ್ರೆಯ ನೀರನ್ನು ಮೇಲೆತ್ತಿ ಇತ್ತ ಹರಿಸತೊಡಗಿದರು. 2022ರ ಸೆಪ್ಟೆಂಬರಿನಲ್ಲಿ ಕೋಡಿ ಹರಿದಾಗ, ಅದನ್ನು ಬದುಕಿನಲ್ಲಿ ಮೊದಲ ಸಲ ಕಂಡ ಅಜ್ಜಂದಿರೂ ಮೊಮ್ಮಕ್ಕಳೂ ಒಂದೇ ಕಡೆ ನಿಂತಿದ್ದರು. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಕಣಿವೆ ಮಾರಮ್ಮನಿಗೆ ಕೈ ಮುಗಿದು ಮೇಲೇರುವ ಸವಾರ, ಒಂದು ಕಡೆ ಹರಡಿದ ನೀರನ್ನೂ ಇನ್ನೊಂದು ಕಡೆ ಕಾಲುವೆಯ ಜೊತೆಗೆ ಸಾಗುವ ಹಸಿರು ಪಟ್ಟಿಯನ್ನೂ ಒಟ್ಟಿಗೆ ನೋಡಬೇಕು. ಕಾಲುವೆ ಮುಟ್ಟದ ಕಡೆ ಹಸಿರು ಗೆರೆ ಕೊಯ್ದಂತೆ ನಿಲ್ಲುತ್ತದೆ.

ಅಲ್ಲಿಂದ ಹೊಸದುರ್ಗಕ್ಕೆ ಏರು ಹೆಚ್ಚು. ಮಧ್ಯಾಹ್ನದ ಬಿಸಿಲಿಗೆ ಮುಂಚೆ ಅರ್ಧ ದಾರಿ ಮುಗಿಸಿದರೆ ಒಳ್ಳೆಯದು. ತೆಂಗು, ದಾಳಿಂಬೆಯ ತೋಟಗಳು, ರಾಗಿ ಹೊಲಗಳು, ದಾರಿಬದಿಯಲ್ಲಿ ಎಳನೀರು. ಈ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಗಂಗಮ್ಮನ ಕೊಳದ ಮುಂದೆ ಕುಳಿತು ಬೇಡಿಕೊಂಡರೆ ನೀರಿನಿಂದ ಪ್ರಸಾದ ಮೇಲೆ ಬರುತ್ತದೆಂಬ ನಂಬಿಕೆಯಿದೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನೀರೇ ದೇವರಾಗಿರುವ ಸೀಮೆಯಲ್ಲಿ ಇಂಥದೊಂದು ನಂಬಿಕೆ ಹುಟ್ಟಿದ್ದು ಸಹಜ. ಇನ್ನೊಂದು ದಿನ ಬಿಡುವಿದ್ದವರು 1997ರಿಂದ ‘ಶಿವಸಂಚಾರ’ದ ನಾಟಕಗಳನ್ನು ನಾಡಿಗೆಲ್ಲ ಕಳಿಸಿದ ಸಾಣೇಹಳ್ಳಿಗೂ, ಹೆಗ್ಗೆರೆಯ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಗೂ ಹೋಗಿ ಬರಬಹುದು.

ಬಯಲಿನಲ್ಲಿ ಗಣಪ

ಮೂರನೆಯ ದಿನ ಹೊಳಲ್ಕೆರೆಗೆ ಸುಮಾರು ಮೂವತ್ತು ಕಿಲೋಮೀಟರ್. ಅಡಿಕೆ ತೋಟಗಳು ಕಾಣಿಸಿಕೊಂಡರೆ ಮಳೆ ತುಸು ಹೆಚ್ಚು ಬೀಳುವ ಕಡೆಗೆ ಬಂದಿರೆಂದು ತಿಳಿಯಬೇಕು. ದಾರಿಯನ್ನು ಕೊಂಚ ತಿರುಗಿಸಿಕೊಂಡರೆ ಮಲ್ಲಾಡಿಹಳ್ಳಿ. ‘ತಿರುಕ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ರಾಘವೇಂದ್ರ ಸ್ವಾಮೀಜಿಯವರು ಅನಾಥಸೇವಾಶ್ರಮ ಕಟ್ಟಿ, ಯೋಗ, ಆಯುರ್ವೇದ, ಶಾಲೆಗಳಿಗಾಗಿ 1996ರಲ್ಲಿ ತೀರಿಕೊಳ್ಳುವವರೆಗೆ ದುಡಿದ ಊರು. ಹೊಳಲ್ಕೆರೆಯಲ್ಲಿ ದೊಡ್ಡ ಬಯಲು ಗಣಪತಿ ಸವಾರನನ್ನು ಬರಮಾಡಿಕೊಳ್ಳುತ್ತಾನೆ. ಹೆಸರಿಗೆ ತಕ್ಕ ಹಾಗೆ ಅವನ ಸ್ಥಾನ ಬಯಲು. ಊರಿನ ಹೆಸರೇ ಕೆರೆಯಿಂದ ಮುಗಿಯುವುದನ್ನೂ ಗಮನಿಸಬೇಕು. ದಣಿದವರಿಗೆ ಇದೇ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲು ಉಂಟು. ಉಳಿದವರು ಶಿವಮೊಗ್ಗ ರಸ್ತೆ ಹಿಡಿದು ಸಂಜೆಯೊಳಗೆ ದುರ್ಗ ಸೇರಬಹುದು.

ಗಾಳಿ ಮತ್ತು ಮುಳ್ಳು

ಈ ಸುತ್ತಿಗೆ ನವೆಂಬರಿನಿಂದ ಫೆಬ್ರುವರಿವರೆಗಿನ ದಿನಗಳು ಹಿತ. ಆಗ ಗಾಳಿ ಈಶಾನ್ಯದಿಂದ ಬೀಸುವುದರಿಂದ ಹಿರಿಯೂರಿನಿಂದ ಹೊಸದುರ್ಗದ ಏರಿನಲ್ಲಿ ಬೆನ್ನಿಗೆ ಕೈಕೊಟ್ಟಂತಾಗುತ್ತದೆ. ಆಷಾಢದಲ್ಲಿ ಪಶ್ಚಿಮದ ಗಾಳಿಗೆ ಎದುರಾಗಿ ಅದೇ ಏರು ಹತ್ತುವುದು ಸಾಹಸವೇ ಸರಿ. ಆ ಕಾಲದಲ್ಲಿ ಹೊಳಲ್ಕೆರೆಯಿಂದ ಆರಂಭಿಸಿ ಸುತ್ತನ್ನು ತಿರುವುಮುರುವು ಮಾಡಿಕೊಳ್ಳಬೇಕು. ಬಳ್ಳಾರಿ ಜಾಲಿಯ ಮುಳ್ಳು ಯಾವ ಟೈರನ್ನೂ ಬಿಡದು. ಎರಡು ಟ್ಯೂಬ್, ಪಂಚರ್ ಸಾಮಾನು, ಗಾಳಿ ಪಂಪು ಜೊತೆಗಿರಲಿ. ಕತ್ತಲಾದ ಮೇಲೆ ಹೆದ್ದಾರಿಗೆ ಇಳಿಯಲೇಬಾರದು.

ಟೈರಿನ ಮಾತು ಬಂದಾಗ ಐರ್ಲೆಂಡ್ ನೆನಪಾಗುವುದುಂಟು. ಮಗನ ಮೂರು ಗಾಲಿಯ ಸೈಕಲ್ ಕಲ್ಲುದಾರಿಯಲ್ಲಿ ಕುಲುಕಬಾರದೆಂದು ಡನ್‌ಲಪ್ ಎಂಬ ಪಶುವೈದ್ಯ ಗಾಳಿ ತುಂಬಿದ ಟೈರು ಮಾಡಿ 1888ರಲ್ಲಿ ಪೇಟೆಂಟ್ ಪಡೆದದ್ದು ಆ ದ್ವೀಪದ ಬೆಲ್‌ಫಾಸ್ಟ್‌ನಲ್ಲಿ. ಅದೇ ದ್ವೀಪದ ಪಶ್ಚಿಮ ಕರಾವಳಿಯಲ್ಲಿ 1937ರಲ್ಲಿ ಮುಚ್ಚಿಹೋದ ರೈಲು ದಾರಿಯೊಂದನ್ನು ಇತ್ತೀಚಿನ ವರ್ಷಗಳಲ್ಲಿ ನಲವತ್ತು ಕಿಲೋಮೀಟರಿಗೂ ಉದ್ದದ ಸೈಕಲ್ ದಾರಿಯಾಗಿ ಮಾಡಿದ್ದಾರೆ. ಮೋಟಾರು ವಾಹನಕ್ಕೆ ಅಲ್ಲಿ ಪ್ರವೇಶವಿಲ್ಲ. ಮಕ್ಕಳು, ಮುದುಕರು, ಹೊರದೇಶದವರು ಹಳ್ಳಿಯಿಂದ ಹಳ್ಳಿಗೆ ನಿಶ್ಚಿಂತೆಯಿಂದ ಹೋಗುತ್ತಾರೆ; ದಾರಿಯ ಊರುಗಳಿಗೆ ನಾಲ್ಕು ಕಾಸು ಸಿಗುತ್ತದೆ.

ನಮ್ಮಲ್ಲಿ ಹೊಸ ದಾರಿ ಅಗೆಯಬೇಕಾದ್ದೂ ಇಲ್ಲ. ಮಾರಿಕಣಿವೆಯ ಕಾಲುವೆ ಏರಿಗಳಿವೆ, ಕೆರೆ ಏರಿಗಳಿವೆ, ಬಂಡಿಜಾಡುಗಳಿವೆ. ಅವು ಒತ್ತುವರಿಯಾಗದಂತೆ, ಜಾಲಿ ಮುಚ್ಚದಂತೆ ಕಾಯ್ದು, ತಿರುವಿಗೊಂದು ಕನ್ನಡದ ಫಲಕ ನೆಟ್ಟರೆ ಹೆದ್ದಾರಿಯ ಹಂಗಿಲ್ಲದೆ ಸೀಮೆ ಸುತ್ತಬಹುದು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ಹಳ್ಳಿಹಳ್ಳಿಯ ಹುಡುಗಿಯರೂ ಸೈಕಲ್ ತುಳಿದು ಶಾಲೆಗೆ ಬಂದರು. ಅವರಲ್ಲಿ ಎಷ್ಟೋ ಮಂದಿ ಶಾಲಾ ಪ್ರವಾಸದ ಬಸ್ಸಿನಲ್ಲಿ ದೂರದ ಊರುಗಳನ್ನು ನೋಡಿ ಬಂದಿರುತ್ತಾರೆ. ಪಕ್ಕದ ಮರಡಿಹಳ್ಳಿಯನ್ನು ಕಂಡಿರುವುದಿಲ್ಲ. ಹೊಂಡ, ಕೆರೆ, ಕಣಿವೆಗಳನ್ನು ಕಾಲಬಲದಿಂದ ಸುತ್ತಿ ನೋಡಿದ ಮಗು ಮುಂದೆ ಕೆರೆ ಮುಚ್ಚುವ ಕೆಲಸಕ್ಕೆ ಸುಲಭವಾಗಿ ಹೂಂ ಎನ್ನಲಾರದು. ಒಂದು ರಜೆಯಲ್ಲಿ ಹತ್ತು ಮಕ್ಕಳು, ಇಬ್ಬರು ಹಿರಿಯರು, ಮೂರು ದಿನ. ಇಷ್ಟರಿಂದಲೇ ಆರಂಭಿಸಬಹುದು.