ಸೂಜಿಯ ಲೆಕ್ಕ

ಹೋದ ವರ್ಷ ದಸರೆಗೆ ವಿಜಯವಾಡದ ತಂಗಿಯ ಮನೆಗೆ ಹೋಗಿ, ಇಂದ್ರಕೀಲಾದ್ರಿಯ ಕನಕದುರ್ಗೆಯ ದರ್ಶನ ಮಾಡಿಕೊಂಡು ಬರುವುದೆಂದು ನಾವು ನಿಶ್ಚಯಿಸಿದ್ದೆವು. ವಿಶಾಖಪಟ್ಟಣದಿಂದ ರತ್ನಾಚಲ್ ಗಾಡಿಗೆ ಟಿಕೆಟ್ಟೂ ಆಗಿತ್ತು. ಹಿಂದಿನ ಸಂಜೆ ತಂಗಿಯ ಫೋನು ಬಂತು: “ಅಣ್ಣಾ, ನೀವೆಲ್ಲ ಈಗ ಬರಬೇಡಿ. ನಮ್ಮ ಚಿಕ್ಕವನಿಗೆ ಅಮ್ಮ ಆಗಿದೆ.” ಇಲ್ಲಿಯವರು ಆಟಲಮ್ಮ ಎನ್ನುವ ಸೀತಾಳೆ ಸಿಡುಬು.

ಬೇರೆಯವರಿಗಾದರೆ ಹಬ್ಬ ತಪ್ಪಿತೆಂಬ ಬೇಸರವಷ್ಟೇ. ನಮಗೆ ಎದೆ ಝಲ್ಲೆಂದಿತು. ನಮ್ಮ ಮಗನಿಗೆ ದೊಡ್ಡ ಕರುಳಿನ ಹುಣ್ಣಿನ ಬೇನೆ, ಅಲ್ಸರೇಟಿವ್ ಕೊಲೈಟಿಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ಕರುಳಿನ ಮೇಲೆ ತಿರುಗಿ ಬೀಳುವ ಬೇನೆಯಿದು. ಆ ಶಕ್ತಿಯನ್ನು ತಗ್ಗಿಸಲು ಎರಡು ವರ್ಷದಿಂದ ಅಜಥಯೋಪ್ರಿನ್ ಮಾತ್ರೆ ನುಂಗುತ್ತಿದ್ದಾನೆ. ಕಾವಲು ತಗ್ಗಿದ ಮೈಯಲ್ಲಿ ಸೀತಾಳೆ ಶ್ವಾಸಕೋಶಕ್ಕಿಳಿದು ಪ್ರಾಣಕ್ಕೇ ಬರಬಹುದು. ಅವನಿಗೆ ಅದು ಬಾಲ್ಯದಲ್ಲಿ ಬಂದಿರಲಿಲ್ಲ, ಲಸಿಕೆಯೂ ಆಗಿರಲಿಲ್ಲ.

ಮಾತ್ರೆ ಆರಂಭಿಸಿದಾಗ ಲಸಿಕೆಯ ಮಾತನ್ನು ಯಾರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಆಮೇಲೆ ಯಾರೋ “ಇಂಥವರಿಗೆ ಲಸಿಕೆಯೇ ಕೂಡದು” ಎಂದದ್ದನ್ನು ನಂಬಿ, ಎಲ್ಲ ಸೂಜಿಗಳಿಂದಲೂ ಅವನನ್ನು ದೂರವಿಟ್ಟೆವು.

ಮರುದಿನ ವೈದ್ಯರು ನಮ್ಮ ಭ್ರಮೆ ಬಿಡಿಸಿದರು. ಲಸಿಕೆಯಲ್ಲಿ ಎರಡು ಬಗೆಯಂತೆ. ಸೀತಾಳೆ, ದಡಾರ, ಬಿ.ಸಿ.ಜಿ., ಹಳದಿ ಜ್ವರದವು ಬಲಗುಂದಿಸಿದರೂ ಜೀವವಿರುವ ರೋಗಾಣುವಿನವು. ಮಾತ್ರೆ ನಡೆಯುತ್ತಿರುವಾಗ ಇವು ಸಾಮಾನ್ಯವಾಗಿ ಸಲ್ಲವು. ಬೇನೆ ಅವಕಾಶ ಕೊಟ್ಟರೆ, ಮಾತ್ರೆಗೆ ಕನಿಷ್ಠ 4 ವಾರ ಮೊದಲೇ ಆಗಬೇಕು. ಫ್ಲೂ ಸೂಜಿ, ನ್ಯುಮೋನಿಯಾ, ಹೆಪಟೈಟಿಸ್ ಬಿ, ಧನುರ್ವಾಯುವಿನ ಲಸಿಕೆಗಳಲ್ಲಿ ಜೀವವಿಲ್ಲ. ಮಾತ್ರೆಯ ನಡುವೆಯೂ ಹಾಕಿಸಬಹುದು. ಫಲ ತುಸು ಕಡಿಮೆಯಾದೀತು. ಆದರೆ ಅವು ರೋಗ ತರಲಾರವು.

ಹೆದರಿ ಮಾತ್ರೆ ನಿಲ್ಲಿಸುವುದೂ ತಪ್ಪೇ. ಇದೇ ಜಾತಿಯ ಕ್ರೋನ್ಸ್ ಬೇನೆಗೆ ಕೊಡುವ ಮೆಥೊಟ್ರೆಕ್ಸೇಟ್, 1895ರಲ್ಲಿ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು ಅಮೆರಿಕದಲ್ಲಿ ನಡೆಸಿದ ಸಂಶೋಧನೆಯ ಫಲ. ಇಂಥ ಔಷಧಿಗಳಿಂದಲೇ ಎಷ್ಟೋ ಮಂದಿ ನೆಮ್ಮದಿಯಾಗಿ ಉಣ್ಣುತ್ತಿದ್ದಾರೆ.

ಮಗನಿಗೆ ಫ್ಲೂ, ನ್ಯುಮೋನಿಯಾ ಸೂಜಿಗಳಾದವು. ಸೀತಾಳೆಯದನ್ನು ಅವನ ತಂಗಿಗೆ ಹಾಕಿಸಿದೆವು. ಮನೆಯವರ ಕಾವಲೇ ಅವನಿಗೂ ಕಾವಲು. ಸೋಂಕಿನವರೊಡನೆ ಬೆರೆತದ್ದು ತಿಳಿದರೆ, ಗುಳ್ಳೆ ಏಳುವವರೆಗೆ ಕಾಯದೆ ಅಂದೇ ಬರಬೇಕೆಂದು ವೈದ್ಯರು ಎಚ್ಚರಿಸಿದ್ದಾರೆ.

ಸಂಕ್ರಾಂತಿಗೆ ತಂಗಿಯೇ ಮಕ್ಕಳೊಡನೆ ವಿಶಾಖಪಟ್ಟಣಕ್ಕೆ ಬಂದಳು. ಎಳ್ಳುಬೆಲ್ಲ ಹಂಚುತ್ತ ಅವಳಿಗೆ ಹೇಳಿದ್ದನ್ನೇ ಬಂಧುಗಳಿಗೂ ಹೇಳುತ್ತೇವೆ: ಇಂಥ ಔಷಧಿಯ ಚೀಟಿ ಕೈಗೆ ಬಂದ ದಿನವೇ, ಹಾಕಿಸಿದ ಸೂಜಿಗಳ ಲೆಕ್ಕವನ್ನು ವೈದ್ಯರ ಮುಂದಿಡಿ. ಅವರು ಕೇಳದಿದ್ದರೂ ನೀವು ಕೇಳಿ.