ಉದರವೂ ಉಸಿರೂ

ಶ್ವಾಸರೋಗವು ಎದೆಗೇ ಸೇರಿದ ವ್ಯಾಧಿಯೆಂದು ಲೋಕವು ತಿಳಿದಿದೆ. ಚರಕಸಂಹಿತೆಯಾದರೋ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯದಲ್ಲಿ ಅದನ್ನು ಕಫವಾತಾತ್ಮಕವೆಂದು ಹೇಳಿಯೂ, ಅದು ಹುಟ್ಟುವ ಎಡೆ ಪಿತ್ತಸ್ಥಾನವೆಂದಿದೆ. ಎಂದರೆ ಆಮಾಶಯದ ಕಡೆಗೆ ಬೆರಳು ತೋರಿದೆ. ಆ ಅಧ್ಯಾಯವನ್ನು ಕಂಠಪಾಠ ಮಾಡಿದವರುಂಟು. ತಮ್ಮ ರಾತ್ರಿಯೂಟವನ್ನು ಅದರ ಬೆಳಕಿನಲ್ಲಿ ನೋಡಿಕೊಂಡವರು ವಿರಳ.

ಗಮಕದಲ್ಲಿಯೇ 40 ವರ್ಷ ಕಳೆದ ಹಿರಿಯರೊಬ್ಬರ ಸಂಗತಿಯಿದು. ಭಾಮಿನೀಷಟ್ಪದಿಯ ಮೂರನೆಯ ಮತ್ತು ಆರನೆಯ ಪಾದಗಳು 23 ಮಾತ್ರೆಗಳವೆಂಬುದು ಓದುಗರಿಗೆ ಹೊಸದಲ್ಲ. ಒಂದೇ ಉಸಿರಿನಲ್ಲಿ ಅವನ್ನು ಸಾಗಿಸುತ್ತಿದ್ದವರಿಗೆ ಅರವತ್ತು ದಾಟಿದ ಮೇಲೆ ನಡುವೆಯೇ ಉಸಿರು ತುಂಡಾಗತೊಡಗಿತು. ಬೆಳಿಗ್ಗೆ ಕಂಠವು ಒರಟು. ನಡುರಾತ್ರಿ ಹುಳಿತೇಗು, ಕೆಮ್ಮು, ಎದೆಯಲ್ಲಿ ಸುಯ್ಯೆಂಬ ಸದ್ದು. ಎದ್ದು ಕುಳಿತಲ್ಲದೆ ಸಮಾಧಾನವಿಲ್ಲ. ವಾಚನ ಮುಗಿಸಿ ಹತ್ತು ಗಂಟೆಗೆ ಹುಳಿಯನ್ನ, ಕರಿದ ಸಂಡಿಗೆಗಳನ್ನುಂಡು ಕೂಡಲೇ ಮಲಗುವ ಪದ್ಧತಿಯನ್ನು ಮಾತ್ರ ಯಾರೂ ಸಂಶಯಿಸಲಿಲ್ಲ.

ವೈದ್ಯರು ಎದೆಯನ್ನು ಪರೀಕ್ಷಿಸಿ, ಊಟದ ವೇಳೆಯನ್ನೂ ವಿಚಾರಿಸಿದರು. ಅನ್ನನಾಳದ ಕೆಳಬಾಯಿ ಸಡಿಲವಾದವರಲ್ಲಿ, ಉಂಡು ಮಲಗಿದರೆ ಜಠರದ ಆಮ್ಲವು ಮೇಲೇರುತ್ತದೆ. ಅದರ ಹನಿಗಳು ಶ್ವಾಸನಾಳಕ್ಕೆ ಇಳಿಯಬಹುದು. ಇಳಿಯದಿದ್ದರೂ ಎರಡು ನಾಳಗಳಿಗೂ ಹರಡಿರುವ ವೇಗಸ್ ನರವು ಕೆರಳಿ ಶ್ವಾಸನಾಳವನ್ನು ಸಂಕೋಚಗೊಳಿಸಬಹುದು. ಹಾಗೆಂದು ಸಕಲ ಉಬ್ಬಸಕ್ಕೂ ಆಮ್ಲ ತಗ್ಗಿಸುವ ಗುಳಿಗೆಯೇ ಮದ್ದೆನ್ನುವ ಉತ್ಸಾಹವು ಸಲ್ಲದು. ಎದೆಯುರಿಯ ಬಾಧೆ ಅಷ್ಟಾಗಿ ಇಲ್ಲದ ಉಬ್ಬಸದವರಿಗೆ ಅದರಿಂದ ಪ್ರಯೋಜನವಾಗಲಿಲ್ಲವೆಂದು 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿದೆ.

ದಿಂಬಿನ ಮೇಲೆ ದಿಂಬಿಟ್ಟದ್ದು ಹಿತವಾಗಲಿಲ್ಲ. ನಡು ಬಾಗಿ ಹೊಟ್ಟೆ ಒತ್ತಿತು. ಮಂಚದ ತಲೆಗಡೆಯ ಕಾಲುಗಳ ಕೆಳಗೆ ಆರಂಗುಲದ ಮರದ ತುಂಡುಗಳು ಬಂದುವು. ಎಡಮಗ್ಗುಲಲ್ಲಿ ಮಲಗುವುದು ರೂಢಿಯಾಯಿತು. ಆ ಭಂಗಿಯಲ್ಲಿ ಜಠರವು ಅನ್ನನಾಳಕ್ಕಿಂತ ಕೆಳಗಿರುತ್ತದೆ. ಸೇದುವ ಔಷಧವನ್ನು ಬಿಡಲಿಲ್ಲ. ಇವೆಲ್ಲ ಸುಲಭ. ಕಷ್ಟವಾದದ್ದು ಏಳು ಗಂಟೆಯ ಊಟ. ಮೊಮ್ಮಕ್ಕಳ ಪಂಕ್ತಿ ಒಂಬತ್ತಕ್ಕೆ. ಅವರೊಡನೆ ಕಥೆ ಹೇಳುತ್ತ ಉಣ್ಣುವುದೇ ದಿನದ ಸುಖವಾಗಿದ್ದ ಹಿರಿಯರಿಗೆ ಒಂಟಿ ಎಲೆಯು ಔಷಧಕ್ಕಿಂತ ಕಹಿಯಾಯಿತು. ಎರಡು ಸಲ ವ್ರತಭಂಗ ಮಾಡಿ ಒಂಬತ್ತಕ್ಕೆ ಕುಳಿತರು. ಎರಡು ಸಲವೂ ಬೆಳಗಿನ ಜಾವದವರೆಗೆ ಕುರ್ಚಿಯಲ್ಲಿಯೇ ಕಳೆದರು. ಕಡೆಗೆ ಸೊಸೆಯವರು ಯಾರನ್ನೂ ಕೇಳದೆ ಮನೆಮಂದಿಗೆಲ್ಲ ಏಳಕ್ಕೇ ಎಲೆ ಹಾಕಿದರು.

ವಾಚನವು ಈಗ ಸಂಜೆ ಐದಕ್ಕೆ. ಮೂರನೆಯ ಪಾದವು ತುಂಡಾಗದೆ ಸಾಗುತ್ತದೆ. ಆರನೆಯದರಲ್ಲಿ ಒಮ್ಮೊಮ್ಮೆ ಉಸಿರೆಳೆದುಕೊಳ್ಳುತ್ತಾರೆ. ಪಕ್ಕದಲ್ಲಿರುವ ವ್ಯಾಖ್ಯಾನಕಾರರು ಆ ಹೊತ್ತಿಗೆ ಸರಿಯಾಗಿ ‘ಆಹಾ’ ಎನ್ನುತ್ತಾರೆ.