ಬಾಗಲೂರಿನಿಂದ ಬಾರಾಮಹಲಿಗೆ

ಬಾಗಲೂರಿನವರಾದ ನಮಗೆ ಪರರಾಜ್ಯವು ಯಾವ ದಿಕ್ಕಿನಲ್ಲಿದೆಯೆಂದು ಹೇಳುವುದು ಕಷ್ಟ. ಸರ್ಕಾರದ ಕಾಗದಪತ್ರಗಳ ಪ್ರಕಾರ ಅದು ಮಾಲೂರಿನ ದಾರಿಯಲ್ಲಿ ಕೆಲವೇ ಮೈಲಿಗಳಾಚೆ ಇದೆ. ಮನೆಯ ಮಾತಿನಲ್ಲಿಯಾದರೋ ಘಟ್ಟ ಇಳಿದ ಮೇಲೆಯೇ ಅದರ ಆರಂಭ. ಆದಕಾರಣ ಬೇಸಗೆಯ ರಜೆಗೆಂದು ಮೈಸೂರಿನಿಂದ ಬಂದಿದ್ದ ತಂಗಿಯ ಮಕ್ಕಳು, "ನಿಮ್ಮ ತಮಿಳುನಾಡನ್ನು ತೋರಿಸಿ" ಎಂದಾಗ ನಾವು ಕಾರನ್ನು ಕೃಷ್ಣಗಿರಿ, ಧರ್ಮಪುರಿಗಳ ಕಡೆಗೆ ತಿರುಗಿಸಿದೆವು. ನಮ್ಮ ಮಕ್ಕಳಿಬ್ಬರು, ಅವರಿಬ್ಬರು, ಬುತ್ತಿಯ ಬುಟ್ಟಿಯೊಂದು. ಕಾರಿನಲ್ಲಿ ಕಾಲು ಚಾಚಲು ಸ್ಥಳವಿರಲಿಲ್ಲ.

ಹೊಸೂರನ್ನು ದಾಟಿ, ಹೆದ್ದಾರಿಯಿಂದ ತುಸು ಒಳಕ್ಕಿರುವ ತೊರಪಳ್ಳಿಗೆ ಮೊದಲು ಹೋದೆವು. ಚಕ್ರವರ್ತಿ ರಾಜಗೋಪಾಲಾಚಾರಿಯವರು 1878ರ ಡಿಸೆಂಬರ್ 10ರಂದು ಜನಿಸಿದ ಗ್ರಾಮವಿದು. ಸ್ವತಂತ್ರ ಭಾರತದ ಗವರ್ನರ್ ಜನರಲ್ ಹುದ್ದೆಗೇರಿದ ಏಕೈಕ ಭಾರತೀಯನ ಜನ್ಮಗೃಹ ಎಂಬ ಆಡಂಬರವೇನೂ ಆ ಸಣ್ಣ ಮನೆಗೆ ಇಲ್ಲ. ಅಲ್ಲಿಯ ತಮಿಳು ಬರಹಗಳನ್ನು ನಮ್ಮ ಮಗಳು ನಿರರ್ಗಳವಾಗಿ ಓದಿ, ಮೈಸೂರಿನ ಮಕ್ಕಳಿಗೆ ಕನ್ನಡದಲ್ಲಿ ಅರ್ಥ ಹೇಳಿದಳು. ಅವರು ಬೆರಗಾದರು. ಆದರೆ ಅವರ ಕೈಯಲ್ಲಿದ್ದ ಕನ್ನಡ ಕಥೆಯ ಪುಸ್ತಕವನ್ನು ಅವಳು ಓದುವಾಗ ಅಕ್ಷರಕ್ಕೊಮ್ಮೆ ನಿಲ್ಲುತ್ತಾಳೆ. 2006ರ ತಮಿಳು ಕಲಿಕೆಯ ಕಾನೂನು ಬಂದ ಮೇಲೆ ಇಲ್ಲಿಯ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಮೇಲಕ್ಕೆ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ನೆಲದ ನುಡಿಯನ್ನು ಕಲಿಯಬಾರದೆಂದು ನಾವು ಎಂದೂ ಹೇಳೆವು, ಕಲಿತರೆ ಲಾಭವೇ. ಕನ್ನಡದ ಅಕ್ಷರಗಳಿಗೆ ರಾತ್ರಿಯ ಊಟದ ಅನಂತರದ ಅರ್ಧ ಗಂಟೆಯಷ್ಟೇ ಉಳಿಯುತ್ತದೆ ಎಂಬುದು ಮಾತ್ರ ನಮ್ಮ ಚಿಂತೆ. ಈ ಪತ್ರಿಕೆಯನ್ನು ಓದುವ ಅನೇಕ ಮನೆಗಳ ಚಿಂತೆಯೂ ಅದೇ ಇರಬಹುದು.

ತೊರಪಳ್ಳಿಯಲ್ಲಿ ನಿಂತಾಗ ನಮಗೆ ಮಾಸ್ತಿಯವರ ನೆನಪಾಯಿತು. ಗಡಿಯಾಚೆಯ ಮಾಲೂರು ತಾಲ್ಲೂಕಿನಲ್ಲಿ, 1891ರಲ್ಲಿ ಜನಿಸಿದವರು ಅವರು. ಮನೆಯ ಮಾತು ತಮಿಳಾದರೂ ಕನ್ನಡದಲ್ಲಿ ಬರೆದು 1983ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದರು. ಇತ್ತ ಕನ್ನಡ, ತೆಲುಗು ನುಡಿಗಳು ಕಿವಿಗೆ ಬೀಳುವ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿಯವರು ರಾಮಾಯಣ ಮಹಾಭಾರತಗಳನ್ನು ತಮಿಳಿನಲ್ಲಿ ಬರೆದರು. ಇಬ್ಬರ ಊರುಗಳನ್ನೂ ಒಂದೇ ಹೊತ್ತಿನಲ್ಲಿ ನೋಡಿ ಬರಬಹುದು, ಅಷ್ಟು ಸಮೀಪ.

ಶೂಲಗಿರಿ ಕಳೆದ ಮೇಲೆ ರಸ್ತೆ ಇಳಿಯತೊಡಗುತ್ತದೆ. ಹೊಸೂರಿನ ಎತ್ತರ ಸುಮಾರು 900 ಮೀಟರ್; ಐವತ್ತು ಕಿಲೋಮೀಟರ್ ದೂರದ ಕೃಷ್ಣಗಿರಿ ಅದಕ್ಕಿಂತ ಬಹಳ ತಗ್ಗಿನಲ್ಲಿದೆ. ತಂಗಾಳಿ ಹೋಗಿ ಕಾವು ಮುಖಕ್ಕೆ ಬಡಿಯಿತು. ಎರಡೂ ಬದಿಗಳಲ್ಲಿ ಮಾವಿನ ತೋಪುಗಳು. ನಾವು ತೋತಾಪುರಿ ಎನ್ನುವ ಹಣ್ಣಿಗೆ ಇಲ್ಲಿಯವರು 'ಬೆಂಗಳೂರಾ' ಎನ್ನುತ್ತಾರೆಂದು ತಿಳಿದು ಮೈಸೂರಿನ ಹುಡುಗ ಬಹಳ ನಕ್ಕ.

ಕೃಷ್ಣಗಿರಿಯ ಅಣೆಕಟ್ಟಿನ ಮೇಲೆ ನಿಂತು ನೀರನ್ನು ನೋಡಿದಾಗ ನಮಗೆ ಆನಂದವಷ್ಟೇ ಆಗಲಿಲ್ಲ. ತಮಿಳರು ತೆನ್‌ಪೆಣ್ಣೈ ಎನ್ನುವ ಈ ನದಿ ನಮ್ಮ ದಕ್ಷಿಣ ಪಿನಾಕಿನಿ. ನಂದಿಯ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆಯ ಕಡೆಯಿಂದ ಬಂದು, ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯವನ್ನು ತುಂಬಿ ಇಲ್ಲಿಗಿಳಿಯುತ್ತದೆ. ಮುಂದೆ ಸಾತನೂರನ್ನು ದಾಟಿ ಕಡಲೂರಿನ ಬಳಿ ಸಮುದ್ರವನ್ನು ಸೇರುತ್ತದೆ. ಬೆಂಗಳೂರಿನ ಕೊಳಚೆ ಇದರೊಡನೆ ಹರಿದು ಬಂದು, ಕೆಲವರಪಳ್ಳಿಯಲ್ಲಿ ಮಳೆಗಾಲದ ನೀರು ಬಿಟ್ಟಾಗ ಬಿಳಿಯ ನೊರೆ ಆಳೆತ್ತರಕ್ಕೆ ಏಳುವುದನ್ನು ನಾವು ಕಂಡಿದ್ದೇವೆ. ಅದೇ ನೀರಿನಿಂದ ಗದ್ದೆ ತೋಟಗಳನ್ನು ಬೆಳೆಯುವ ರೈತರಿಗೆ ಗಡಿಯ ಮೇಲಿನವರು ಏನು ಉತ್ತರ ಹೇಳಿಯಾರು? ಮಕ್ಕಳಿಗೆ ಇದನ್ನೆಲ್ಲ ಹೇಳಲಿಲ್ಲ. ಅವರು ಹುರಿದ ಮೀನಿನ ಅಂಗಡಿಯ ಪರಿಮಳದಲ್ಲಿ ಮಗ್ನರಾಗಿದ್ದರು.

ಕೃಷ್ಣಗಿರಿಯ ಕೋಟೆಬೆಟ್ಟವನ್ನು ಆ ಬಿಸಿಲಿನಲ್ಲಿ ಹತ್ತುವ ಧೈರ್ಯವಾಗಲಿಲ್ಲ. ಕೆಳಗೆ ಮರದ ನೆರಳಿನಲ್ಲಿ ಮೊಸರನ್ನ ತಿನ್ನುತ್ತ ಕಥೆ ಹೇಳಿದೆವು. 1791ರ ನವೆಂಬರಿನಲ್ಲಿ ಕರ್ನಲ್ ಮ್ಯಾಕ್ಸ್‌ವೆಲ್ಲನ ಸೈನ್ಯ ರಾತ್ರಿ ಹೊತ್ತು ಈ ಕೋಟೆಗೆ ಲಗ್ಗೆಯಿಟ್ಟು, ಟಿಪ್ಪುವಿನ ಸಿಪಾಯಿಗಳು ಉರುಳಿಸಿದ ಬಂಡೆಗಳಿಗೆ ಸಿಕ್ಕಿ ಹಿಮ್ಮೆಟ್ಟಿತು. ಕಾಳಗದಲ್ಲಿ ಸೋಲದ ಕೋಟೆ ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲಿನೊಡನೆ ಕಂಪನಿಯ ಕೈಸೇರಿತು. ಘಟ್ಟದ ಮೇಲಿನ ಹೊಸೂರು ಸೀಮೆಯನ್ನು ಅವರು ಪಡೆದದ್ದು 1799ರಲ್ಲಿ, ಟಿಪ್ಪು ಮಡಿದ ಮೇಲೆ. ಸೇಲಂ ಜಿಲ್ಲೆಯಲ್ಲಿ ಸೇರಿಹೋದ ಆ ಸೀಮೆ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿಯೂ ಮದರಾಸಿನಲ್ಲಿಯೇ ಉಳಿಯಿತು. "ಹಾಗಾದರೆ ನಮ್ಮ ಗಡಿಯನ್ನು ಎಳೆದವರು ಇಂಗ್ಲಿಷರೇ?" ಎಂದು ಮಗ ಕೇಳಿದ. ಬಹುಮಟ್ಟಿಗೆ ಹೌದು, ಎಂದೆವು.

ಧರ್ಮಪುರಿಯನ್ನು ಮುಟ್ಟುವಾಗ ಎರಡು ಗಂಟೆ ಮೀರಿತ್ತು. ಕೋಟೆಯ ದೇವಾಲಯ ಮುಚ್ಚಿತ್ತು. ವಸ್ತುಸಂಗ್ರಹಾಲಯದ ವೀರಗಲ್ಲುಗಳ ಮುಂದೆ ನಾಲ್ವರು ಮಕ್ಕಳೂ ಬಹಳ ಹೊತ್ತು ನಿಂತರು. ತುರುಗಳನ್ನು ಕಾಯುತ್ತ ಮಡಿದವನ ಚಿತ್ರ. ಜೊತೆಗೆ ವಟ್ಟೆಳುತ್ತು ಲಿಪಿಯ ಸಾಲುಗಳು. ನಮ್ಮ ಮಗಳ ತಮಿಳು ಇಲ್ಲಿ ನಡೆಯಲಿಲ್ಲ! ಅವ್ವೈಯಾರಿಗೆ ನೆಲ್ಲಿಕಾಯಿಯನ್ನಿತ್ತ ಅದಿಯಮಾನನ ತಗಡೂರು ಇದೇ. 9ನೆಯ ಶತಮಾನದ ಕೊನೆಯಲ್ಲಿ ನೊಳಂಬ ಮಹೇಂದ್ರನ ಕಾಲಕ್ಕೆ ಸೇರಿದ, ಜೈನ ಬಸದಿಯ ವಿಷಯವನ್ನು ಹೇಳುವ ಕನ್ನಡ ಶಾಸನ ದೊರೆತದ್ದೂ ಈ ಊರಿನಲ್ಲಿಯೇ. "ಘಟ್ಟದ ಕೆಳಗೂ ಕನ್ನಡವೇ?" ಎಂದು ಮಗಳು ಒಂದೆರಡು ಬಾರಿ ಕೇಳಿದಳು. ಆ ಲಿಪಿ ಈಗಿನದಕ್ಕಿಂತ ಬೇರೆ, ಅದನ್ನು ಓದಲು ಮೈಸೂರಿನವರಿಗೂ ಆಗದು ಎಂದಾಗ ಅವಳ ಮುಖ ಸ್ವಲ್ಪ ಅರಳಿತು.

ಹಿಂದಿರುಗಲು ಪಾಲಕ್ಕೋಡು, ರಾಯಕೋಟೆಗಳ ದಾರಿಯನ್ನು ಹಿಡಿದೆವು. ಹೆದ್ದಾರಿಯ ಲಾರಿಗಳ ಆರ್ಭಟವಿಲ್ಲದ ಈ ದಾರಿಯನ್ನೇ ನಾವು ವಾಚಕರಿಗೆ ಶಿಫಾರಸು ಮಾಡುತ್ತೇವೆ. ರಾಯಕೋಟೆಯ ಬೆಟ್ಟ ಸಂಜೆಯ ಬೆಳಕಿನಲ್ಲಿ ಕೆಂಪಗೆ ಕಾಣುತ್ತಿತ್ತು. ಈ ಊರಿನ ಟೊಮೇಟೊ ಹೆಸರಾದದ್ದು. ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ ಒಂದು ಬುಟ್ಟಿ ಕೊಂಡೆವು. ಮಾರುವ ಹೆಂಗಸು ತೆಲುಗಿನಲ್ಲಿ ಬೆಲೆ ಹೇಳಿದಳು, ನಾವು ಕನ್ನಡದಲ್ಲಿ ಚೌಕಾಶಿ ಮಾಡಿದೆವು, ಮಗಳು ತಮಿಳಿನಲ್ಲಿ ಲೆಕ್ಕ ಕೂಡಿದಳು. ಮೈಸೂರಿನ ಹುಡುಗ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೊಸೂರಿನ ದೀಪಗಳು ಕಾಣುವವರೆಗೂ ಒಂದೊಂದು ಊರಿನ ಫಲಕವನ್ನು ತೋರಿಸಿ "ಇದೇನು, ಇದೇನು?" ಎಂದು ಅವಳನ್ನು ಕೇಳುತ್ತಲೇ ಬಂದ.